ಒಂಟೆ ಕಾಯುವವರ ಕುಲ

ಶಾರ್‌ಗೋಲ್, ಖೆಂತಿ ಪ್ರಾಂತ
ನವೆಂಬರ್ 9, 2003

ತಮ್ಮ ಸೆರೇತರ್,

ಕುರಿಗಳು ಕೊಬ್ಬಿವೆಯೇ, ಚಳಿಗಾಲಕ್ಕೆ ಹುಲ್ಲು ಸಾಲುತ್ತದೆಯೇ ಎಂದು ಕೇಳಿದ ಮೇಲೆಯೇ ಪತ್ರದಲ್ಲಿ ಬೇರೆ ಮಾತು ಎತ್ತಬೇಕೆಂದು ಅಮ್ಮ ಕಲಿಸಿದ್ದಳು. ನೀನು ಉಲಾನ್‌ಬಾತರಿನ ಐದನೇ ಮಹಡಿಯಲ್ಲಿ ಇರುವವನು, ನಿನಗೆ ಒಂದು ಕುರಿಯೂ ಇಲ್ಲ. ಆದರೂ ಕೇಳಿದ್ದೇನೆ. ನಮ್ಮವು ಚೆನ್ನಾಗಿವೆ. ಇನ್ನು ನಿನ್ನನ್ನು ಬೈಯಬಹುದು.

ಗುರುತಿನ ಚೀಟಿಗೆ ಕುಲದ ಹೆಸರು ಬರೆಸಬೇಕೆಂದು ಸರ್ಕಾರ ಹೇಳಿದೆಯಲ್ಲ, ಅದಕ್ಕಾಗಿ ಮೊನ್ನೆ ಕಚೇರಿಗೆ ಹೋಗಿದ್ದೆ. ಬಾಗಿಲಿನಿಂದ ಕುದುರೆ ಕಟ್ಟುವ ಕಂಬದವರೆಗೆ ಸಾಲು ನಿಂತಿತ್ತು. ನನ್ನ ಮುಂದೆ ಇದ್ದವನು ಬಾವಿ ತೋಡುವ ಮುದುಕ. ಗುಮಾಸ್ತೆ ಹುಡುಗಿ ತಲೆ ಎತ್ತದೆ ಕೇಳಿದಳು: "ಕುಲ?"

"ಯಾವ್ದು ಒಳ್ಳೇದಮ್ಮಾ?"

"ಎಲ್ರೂ ಬೋರ್ಜಿಗಿನ್ ಬರೆಸ್ತಿದ್ದಾರೆ."

"ಅದೇ ಹಾಕು ಹಂಗಾದ್ರೆ."

ಹೀಗೆ ಬಾವಿ ತೋಡುವವನು ಚಿಂಗಿಸ್ ಖಾನ್‌ನ ವಂಶಕ್ಕೆ ಸೇರಿದ. ಅಂಗಡಿಯವಳು, ಎರಡು ಸಲ ಜೈಲಿಗೆ ಹೋಗಿಬಂದ ಕುದುರೆ ಕಳ್ಳ, ಶಾಲೆಯ ಅಡುಗೆಯವಳು, ಎಲ್ಲರೂ ಸೇರಿದರು. ನಾನು ಹುಡುಗಿಗೆ ಹೇಳಿದೆ: "ಖಾನ್ ಇಷ್ಟೊಂದು ಮಕ್ಕಳನ್ನ ಹುಟ್ಟಿಸಿದ್ರೆ ಯುದ್ಧಕ್ಕೆ ಹೋಗೋಕೆ ಅವನಿಗೆ ಪುರುಸೊತ್ತೆಲ್ಲಿತ್ತು?" ಅವಳು ನಕ್ಕಳು. ಆಮೇಲೆ ಪಟ್ಟಿ ತಿರುಗಿಸಿ ಹೇಳಿದಳು: "ಅಜ್ಜಿ, ನಿಮ್ಮನೇದು ಆಗ್ಲೇ ಆಗ್ಹೋಗಿದೆ. ನಿಮ್ಮ ತಮ್ಮ ಪಟ್ಟಣದಿಂದ ಎಲ್ರದ್ದೂ ಬರೆಸಿದ್ದಾರೆ. ನೀವೂ ಬೋರ್ಜಿಗಿನ್ನೇ."

ಸಾಲಿನಲ್ಲಿ ಇದ್ದವರೆಲ್ಲ ನಕ್ಕರು. ಎಪ್ಪತ್ತನಾಲ್ಕು ವರ್ಷಕ್ಕೆ ನನ್ನನ್ನು ನಗೆಪಾಟಲು ಮಾಡಿದೆ.

ಯಾರನ್ನು ಕೇಳಿ ಬರೆಸಿದೆ? ನಮ್ಮದು ತೆಮೇಚಿನ್ ಕುಲ, ಒಂಟೆ ಕಾಯುವವರು. ಅಪ್ಪ ಹೇಳಿದ್ದು ಅದನ್ನೇ, ನಾನು ನಿನಗೆ ಕಲಿಸಿದ್ದೂ ಅದನ್ನೇ. ಇದೆರ್‌ನ ಚೀಟಿಯಲ್ಲೂ ನೀನು ಬರೆಸಿದ್ದೇ ಇದೆ. ನೀನು ಹೆತ್ತು ನನ್ನ ಮಡಿಲಿಗೆ ಹಾಕಿದ ಮಗ ಅವನು. ಹಾಲು ಬಿಡಿಸಿದ ದಿನದಿಂದ ನಾನು ಸಾಕಿ ಪಶುವೈದ್ಯನನ್ನಾಗಿ ಮಾಡಿದ್ದೇನೆ. ಈಗ ಅವನಿಗೆ ಹೆಣ್ಣು ಕೇಳುವ ಹೊತ್ತು. ಇಂಥ ಹೊತ್ತಿನಲ್ಲಿ ಹುಡುಗಾಟ ಬೇಡ. ಹೋಗಿ ತಿದ್ದಿಸು.

ಅಕ್ಕ ನಮ್ಜಿಲ್ಮಾ


ಉಲಾನ್‌ಬಾತರ್
ಡಿಸೆಂಬರ್ 2, 2003

ಪ್ರೀತಿಯ ಅಕ್ಕ,

ನನ್ನ ಕುರಿಗಳು ಸುಖವಾಗಿವೆ. ಕಿಟಕಿಯ ಹತ್ತಿರ ನಾಲ್ಕು ಈರುಳ್ಳಿ ಮೊಳೆತಿವೆ, ಅವನ್ನೂ ಲೆಕ್ಕಕ್ಕೆ ಸೇರಿಸಿಕೋ.

ಕೋಪ ಮಾಡಿಕೊಳ್ಳಬೇಡ. ನಲವತ್ತು ವರ್ಷ ನಾನು ನಕ್ಷೆ ಬರೆದೆ. ಪ್ರತಿಯೊಂದು ಗುಡ್ಡದ ಹೆಸರನ್ನೂ ಬರೆದೆ, ಆ ಗುಡ್ಡಗಳ ನಡುವೆ ಹುಟ್ಟಿದ ಖಾನ್‌ನ ಹೆಸರನ್ನು ಮಾತ್ರ ಆಗಿನ ಕಮ್ಯುನಿಸ್ಟ್ ಸರ್ಕಾರದಲ್ಲಿ ಬಾಯಿಬಿಟ್ಟು ಹೇಳುವಂತಿರಲಿಲ್ಲ. ನಮ್ಮ ಶಾಲೆಯ ಪುಸ್ತಕದಲ್ಲಿ ಅವನಿಗೆ ಮೂರೇ ಸಾಲು ಇತ್ತು, ಮೂರರಲ್ಲೂ ಬೈಗುಳ. ಈಗ ಓದುತ್ತಿದ್ದೇನೆ. ಒಬ್ಬರ ಕುದುರೆ ಒಬ್ಬರು ಕದಿಯುತ್ತಿದ್ದ ಕುಲಗಳನ್ನೆಲ್ಲ ಒಡೆದು, ಹತ್ತು ಹತ್ತು, ನೂರು ನೂರು ಮಾಡಿ ಹೊಸ ಸೈನ್ಯ ಕಟ್ಟಿದ. ಯಾರ ಮಗ ಎಂದು ಕೇಳಲಿಲ್ಲ, ಏನು ಬಲ್ಲೆ ಎಂದು ಕೇಳಿದ. ಕುರುಬರ ಮಕ್ಕಳು ಸೇನಾಪತಿಗಳಾದರು. ಚೀನಾದಿಂದ ಪಾರಸೀಕದವರೆಗೆ ಒಂದೇ ದಾರಿ, ಒಂದೇ ರಹದಾರಿ. ಅಂಚೆ ಸವಾರರು ದಾರಿಯುದ್ದಕ್ಕೂ ಕುದುರೆ ಬದಲಿಸುತ್ತ ದಿನಕ್ಕೆ ಮುನ್ನೂರು ಕಿಲೋಮೀಟರ್ ಓಡುತ್ತಿದ್ದರಂತೆ. ನಮ್ಮವರು ಮಾಡಿದ್ದು ಇದು, ಅಕ್ಕ! ಆ ಹೆಸರಿನ ಒಂದು ಚೂರು ನನ್ನ ಚೀಟಿಯಲ್ಲೂ ಇರಲಿ ಎಂದು ಆಸೆಪಟ್ಟರೆ ತಪ್ಪೇ?

ಸುಳ್ಳು ಎನ್ನುತ್ತೀಯ. ಸುಳ್ಳೆಂದು ಯಾರು ತೋರಿಸುತ್ತಾರೆ? ವಂಶಾವಳಿಗಳೆಲ್ಲ ಸುಟ್ಟುಹೋಗಿವೆ. ಕೌಂಟರಿನಲ್ಲಿ ಇದ್ದವನು "ಬೇಗ ಹೇಳಿ ಅಜ್ಜ, ಹಿಂದೆ ಜನ ಇದ್ದಾರೆ" ಎಂದ. ಒಂಟೆ ಎಂದು ಹೇಳಲು ಬಾಯಿ ತೆರೆದೆ. ಬಾಯಿಂದ ಬಂದದ್ದು ಬೇರೆ.

ಇದೆರ್‌ಗೆ ಯಾವ ಮನೆಯ ಹುಡುಗಿ? ಹೊಸವರ್ಷಕ್ಕೆ, ಬಿಳಿ ತಿಂಗಳ ಹಬ್ಬಕ್ಕೆ ನಾನೇ ಬಂದು ನಮ್ಮ ಕಡೆಯ ಹಿರಿಯನಾಗಿ ಮಾತಾಡುತ್ತೇನೆ.

ಸೆರೇತರ್


ಶಾರ್‌ಗೋಲ್
ಜನವರಿ 6, 2004

ಸೆರೇತರ್,

ಕುರಿಗಳ ವಿಚಾರ ಕೇಳಿದ್ದೇನೆಂದು ತಿಳಿದುಕೋ.

ಖಾನ್‌ನ ಅಂಚೆ ದಿನಕ್ಕೆ ಮುನ್ನೂರು ಕಿಲೋಮೀಟರ್ ಓಡುತ್ತಿತ್ತೆಂದು ಬರೆದೆ. ಆ ಪತ್ರ ಅಷ್ಟೇ ದೂರ ಬರಲು ಹತ್ತೊಂಬತ್ತು ದಿನ ತೆಗೆದುಕೊಂಡಿತು. ಬಸ್ಸಿನವನು ಅದನ್ನು ಸೀಟಿನ ಕೆಳಗೆ ಮರೆತಿದ್ದ. ಅವನೂ ಬೋರ್ಜಿಗಿನ್ ಬರೆಸಿದ್ದಾನೆ. ದಾರಿ ಹಾಕಿದ್ದನ್ನು ಬರೆದೆ, ಸುಟ್ಟ ಊರುಗಳ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. ಇರಲಿ. ನಿನ್ನ ಪಾಠ ಓದುತ್ತ ಕೂರಲು ನನಗೆ ಹೊತ್ತಿಲ್ಲ, ಇಲ್ಲಿ ಮನೆಗೆ ಬೆಂಕಿ ಬಿದ್ದಿದೆ.

ಹುಡುಗಿ ಉಯಾಂಗಾ. ದಕ್ಷಿಣದ ತಾಲ್ಲೂಕಿನವಳು, ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ. ತಾಯಿ ತಂದೆ ಇಲ್ಲ. ಬೆಳೆಸಿದ ತಾತ ಪೂರೆವ್, ಹಿಂದೆ ಸಹಕಾರಿ ಸಂಘದ ಅಧ್ಯಕ್ಷನಾಗಿದ್ದವನು. ಎರಡು ವರ್ಷದಿಂದ ಇದೆರ್ ಅವರ ಕಡೆಯ ದನಗಳಿಗೇ ಹೆಚ್ಚು ರೋಗ ಕಾಣುತ್ತಿದ್ದಾನೆ ಎಂದರೆ ನಿನಗೆ ಅರ್ಥವಾಗಬೇಕು. ಹೆಣ್ಣು ಕೇಳಲು ನೀಲಿ ರೇಷ್ಮೆ ವಸ್ತ್ರ ಹಿಡಿದು, ಇದೆರ್‌ನನ್ನು ಕರೆದುಕೊಂಡು ನಾನೇ ಹೋದೆ. ಅವರು ಅದನ್ನು ತೆಗೆದುಕೊಂಡರೆ ಒಪ್ಪಿದಂತೆ.

ಪೂರೆವ್ ಗುಡಾರದ ಉತ್ತರದ ಗೋಡೆಗೆ ಖಾನ್‌ನ ಚಿತ್ರ ನೇತುಹಾಕಿದ್ದಾನೆ. ಮೊದಲು ಅದೇ ಮೊಳೆಗೆ ಬೇರೆ ನಾಯಕರು ನೇತಾಡುತ್ತಿದ್ದರು. ಮರ್ಯಾದೆಗೆ ನಶ್ಯದ ಸೀಸೆ ಬದಲಾಯಿಸಿಕೊಂಡೆವು. ಚಹಾ ಬಂತು. ಅವನ ಮೂವರು ಗಂಡುಮಕ್ಕಳು, ಸೊಸೆಯರು, ನೆರೆಯವರು ತುಂಬಿದ್ದರು.

"ಯಾವ ಎಲುಬಿನೋರು ನೀವು?" ಎಂದು ಕ್ರಮದಂತೆ ಕುಲ ಕೇಳಿದ.

"ತೆಮೇಚಿನ್" ಎಂದೆ.

ಅವನ ನಡುವಿನ ಮಗ ಬಾಯಿ ಹಾಕಿದ: "ಇಲ್ಲ ಕಣಪ್ಪಾ, ಡಾಕ್ಟ್ರ ಚೀಟೀಲಿ ಬೋರ್ಜಿಗಿನ್ ಅಂತಿದೆ. ಲಸಿಕೆ ರಸೀದೀಲಿ ನಾನೇ ನೋಡಿದೀನಿ."

ಪೂರೆವ್ ಕೈ ಚಾಚಿದ. ಇದೆರ್ ಚೀಟಿ ಕೊಟ್ಟ. ಮುದುಕ ಅದನ್ನು ದೀಪದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ.

"ನಾವೂ ಬೋರ್ಜಿಗಿನ್ನೇ" ಎಂದ. "ಒಂದೇ ಎಲುಬಿನೋರು ಒಂಬತ್ತು ತಲೆಮಾರು ಮದ್ವೆ ಆಗ್ಬಾರ್ದು. ಒಂಬತ್ತು ದಾಟಿದೆ ಅಂತ ತೋರ್ಸೋಕೆ ನಿಮ್ಹತ್ರ ವಂಶಾವಳಿ ಇದೆಯಾ?"

"ನಿನ್ಹತ್ರ ಇದೆಯಾ?"

"ಅದಕ್ಕೇ ಆಗಲ್ಲ ಅನ್ನೋದು."

ಉಯಾಂಗಾ ಒಲೆಯ ಹತ್ತಿರದಿಂದ ಎದ್ದೇಬಿಟ್ಟಳು. "ತಾತಾ, ಹೋದ ತಿಂಗಳತಂಕ ನಮಗೆ ಕುಲಾನೇ ಇರ್ಲಿಲ್ಲ!"

"ಬಾಯ್ಮುಚ್ಚು. ಖಾನ್‌ನ ಮನೆ ಹೆಣ್ಮಕ್ಕಳು ಹಿಂಗೆ ಕಿರುಚಲ್ಲ."

ವಸ್ತ್ರವನ್ನು ಮಡಿಸಿ ನನ್ನ ಕೈಗೇ ಕೊಟ್ಟ. ಜೀಪಿನಲ್ಲಿ ಅರವತ್ತು ಕಿಲೋಮೀಟರ್ ಇದೆರ್ ಗುಂಡಿ ತಪ್ಪಿಸದೆ ಓಡಿಸಿದ. ಊರು ಕಾಣಿಸಿದಾಗ, "ಅವ್ವಾ, ತಾತ ಕೈಯೆತ್ತಿ ಕಳ್ಸದೆ ಅವಳು ಹೊಸ್ತಿಲು ದಾಟಲ್ಲ. ನಾನೂ ದಾಟ್ಸಲ್ಲ" ಎಂದ. ಬಿಳಿ ತಿಂಗಳು ಕಳೆದರೆ ಇನ್ನೊಂದು ಮನೆಯವರು ಅವಳನ್ನು ಕೇಳಲು ಕಾದಿದ್ದಾರೆ.

ನೀನು ಬರುವುದು ಬೇಡ. ನಾಳೆಯೇ ಹೋಗಿ ಆ ಹೆಸರು ಅಳಿಸು.

ನಮ್ಜಿಲ್ಮಾ


ಉಲಾನ್‌ಬಾತರ್
ಜನವರಿ 24, 2004

ಅಕ್ಕ,

ಈ ಸಲ ಪತ್ರವನ್ನು ನಂಬಿಕೆಯ ಲಾರಿಯವನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವನು ಇನ್ನೂ ಯಾವ ಕುಲವನ್ನೂ ಬರೆಸಿಲ್ಲ.

ಕಚೇರಿಗೆ ಹೋಗಿ ವಿಚಾರಿಸಿದೆ. ಒಮ್ಮೆ ಬರೆಸಿದ್ದನ್ನು ಬದಲಾಯಿಸಲು ವಂಶದ ಅತಿ ಹಿರಿಯರು ಸಹಿ ಹಾಕಿದ ಹೇಳಿಕೆ ಬೇಕಂತೆ. ನಮ್ಮಲ್ಲಿ ಅದು ನೀನೇ. ಆದರೆ ಒಂದು ಮಾತು ಕೇಳುತ್ತೇನೆ: ನಾವೇಕೆ ಅಳಿಸಬೇಕು? ಪೂರೆವ್ ಅಳಿಸಲಿ. ಅವನ ಮನೆಯ ಹುಡುಗಿಯೇ ಎಲ್ಲರ ಮುಂದೆ ಅವನ ಬಣ್ಣ ಬಯಲು ಮಾಡಿದ್ದಾಳೆ.

ಇನ್ನೊಂದು ವಿಷಯ ಹೇಳಿರಲಿಲ್ಲ. ಇಲ್ಲಿ ನಮ್ಮ ಬಡಾವಣೆಯ ಬೋರ್ಜಿಗಿನ್ನರೆಲ್ಲ ಸೇರಿ ಒಂದು ಸಂಘ ಮಾಡಿಕೊಂಡಿದ್ದೇವೆ. ನಾನು ಉಪಾಧ್ಯಕ್ಷ. ಹೆಸರಿನ ಕಾರ್ಡು ಅಚ್ಚಾಗಿದೆ. ಮಕ್ಕಳಿಗೆ ಭಾನುವಾರ ಇತಿಹಾಸ ಹೇಳಿಕೊಡುತ್ತೇನೆ. ನಿವೃತ್ತನಾದ ಮೇಲೆ ಮೊದಲ ಸಲ ನನ್ನನ್ನು ಜನ "ಗುರುಗಳೇ" ಎನ್ನುತ್ತಿದ್ದಾರೆ. ಈಗ ಹೋಗಿ ನಾನು ಒಂಟೆಯವನು ಎನ್ನಲೇ?

ತಪ್ಪು ತಿಳಿಯಬೇಡ. ನೀನು ಹಳೆಯ ಕಾಲದವಳು, ಆ ಹೆಸರು ಕೇಳಿದರೆ ಈಗಲೂ ನಿನಗೆ ಹೆದರಿಕೆ. ಕಾಲ ಬದಲಾಗಿದೆ. ಯಾರೂ ಲಾರಿಯಲ್ಲಿ ಬಂದು ಕರೆದೊಯ್ಯುವುದಿಲ್ಲ. ಇಷ್ಟಕ್ಕೂ ಚಿಕ್ಕಂದಿನಿಂದ ನನಗೊಂದು ಅನುಮಾನ. ಅಪ್ಪ ತನ್ನ ಜನ್ಮದಲ್ಲಿ ಒಂದು ಒಂಟೆಯನ್ನೂ ಸಾಕಲಿಲ್ಲ. ಒಂಟೆ ಕಂಡರೆ ಅವನ ಕುದುರೆ ಬೆದರುತ್ತಿತ್ತು. ನಾವು ಒಂಟೆ ಕಾಯುವವರಾದದ್ದು ಯಾವಾಗ?

ಸೆರೇತರ್


ಶಾರ್‌ಗೋಲ್
ಫೆಬ್ರವರಿ 11, 2004

ಸೆರೇತರ್,

ನಿನ್ನ ಪತ್ರ ಬಂದು ಹನ್ನೆರಡು ದಿನವಾಯಿತು. ಎರಡು ಸಲ ಬರೆದು ಹರಿದೆ. ಇದೊಂದನ್ನು ಹರಿಯುವುದಿಲ್ಲ.

ಯಾವಾಗ ಎಂದು ಕೇಳಿದೆ. 1937ರ ಶರತ್ಕಾಲದಲ್ಲಿ, ಒಂದು ಮಧ್ಯಾಹ್ನ. ನೀನು ಇನ್ನೂ ಹುಟ್ಟಿರಲಿಲ್ಲ, ನನಗೆ ಎಂಟು ವರ್ಷ.

ನಾವು ಬೋರ್ಜಿಗಿನ್ನರೇ. ಕೌಂಟರಿನಲ್ಲಿ ನಿಂತು ನೀನು ಹೇಳಿದ್ದು ಸುಳ್ಳಲ್ಲ. ಸುಳ್ಳು ಹೇಳಿದವಳು ನಾನು.

ಅಪ್ಪನ ಅಣ್ಣ ಒಬ್ಬನಿದ್ದ. ನಿನಗೆ ಅವನ ವಿಷಯ ಯಾರೂ ಹೇಳಿಲ್ಲ. ವಂಶಾವಳಿ ಅವನ ಹತ್ತಿರ ಇತ್ತು, ಹಿಡಿಯುವುದು ಶುರುವಾದಾಗ ನಮ್ಮ ಗುಡಾರದಲ್ಲಿ ತಂದಿಟ್ಟಿದ್ದ. ಗುಂಡಗೆ ಬರೆದ ದೊಡ್ಡ ಹಾಳೆ, ನಡುವೆ ಮೂಲಪುರುಷ, ಸುತ್ತ ಸುತ್ತ ಹೆಸರುಗಳು, ಕೊನೆಯ ಸುತ್ತಿನಲ್ಲಿ ಅಪ್ಪ ಮತ್ತು ದೊಡ್ಡಪ್ಪ. ಖಾನ್‌ನ ವಂಶದ ಶ್ರೀಮಂತರನ್ನು ಸರ್ಕಾರ ಹಿಡಿದು ಗುಂಡಿಕ್ಕುತ್ತಿದ್ದ ವರ್ಷ ಅದು. ದೊಡ್ಡಪ್ಪನನ್ನು ಕರೆದೊಯ್ದ ಸುದ್ದಿ ಬಂದ ಕೂಡಲೇ ಅಮ್ಮ ಆ ಹಾಳೆಯನ್ನು ಒಲೆಗೆ ಹಾಕಿದಳು. ದೊಡ್ಡದಿತ್ತು, ಒಂದೇ ಸಲ ಹಿಡಿಸಲಿಲ್ಲ. ಹರಿದು ಹರಿದು ಕೊಡುವ ಕೆಲಸ ನನ್ನದು. ಅಪ್ಪ ನನ್ನ ಭುಜ ಹಿಡಿದು ಹೇಳಿಕೊಟ್ಟ: "ಯಾರು ಕೇಳಿದ್ರೂ ಒಂಟೆ ಕಾಯೋರು ಅನ್ನು. ಒಂಟೆ ಕಾಯೋನ ಮೇಲೆ ಯಾರಿಗೂ ಹೊಟ್ಟೆಕಿಚ್ಚಿರಲ್ಲ."

ಮರುವಾರ ಶಾಲೆಗೆ ಇಬ್ಬರು ಬಂದರು. ದೊಡ್ಡಪ್ಪನನ್ನು ಅಂಗಳದಲ್ಲಿ ಲಾರಿಯ ಪಕ್ಕ ನಿಲ್ಲಿಸಿದ್ದರು. ಮಾಸ್ತರು ನನ್ನನ್ನು ಕರೆದುಕೊಂಡು ಹೋದರು.

"ಈ ಮನುಷ್ಯ ನಿಂಗೆ ಗೊತ್ತಾ?"

"ಗೊತ್ತಿಲ್ಲ."

"ನೀವು ಯಾರು?"

"ಒಂಟೆ ಕಾಯೋರು."

ದೊಡ್ಡಪ್ಪ ನನ್ನನ್ನು ನೋಡಿ ತಲೆ ಆಡಿಸಿದ, ಸರಿಯಾಗಿ ಓದಿದ ಮಗುವಿಗೆ ಆಡಿಸುವ ಹಾಗೆ. ಆ ಲಾರಿ ಹೋಯಿತು. ಅಪ್ಪ ಉಳಿದ, ಅದರಿಂದ ನೀನು ಹುಟ್ಟಿದೆ, ನಿನ್ನಿಂದ ಇದೆರ್ ಹುಟ್ಟಿದ. ಹತ್ತನೇ ತರಗತಿಯವರೆಗೆ ಆ ಅಂಗಳ ದಾಟಿಯೇ ಶಾಲೆಗೆ ಹೋದೆ. ನನಗೆ ಹೆದರಿಕೆ ಎಂದು ಬರೆದಿದ್ದೀಯ. ಹೆದರಿಕೆ ಎಂದೋ ತೀರಿಹೋಯಿತು. ಆದರೆ ಅವನು ಪ್ರಾಣ ತೆತ್ತ ಹೆಸರನ್ನು ಬಾವಿ ತೋಡುವವನು, ಕುದುರೆ ಕಳ್ಳ, ಬಸ್ಸಿನವನು ಸಾಲಿನಲ್ಲಿ ನಿಂತು ಬಿಟ್ಟಿ ಹಂಚಿಕೊಳ್ಳುವುದನ್ನು ನೋಡಿದರೆ ಮೈ ಉರಿಯುತ್ತದೆ. ನೀನೂ ಕಾರ್ಡು ಅಚ್ಚು ಹಾಕಿಸಿದ್ದೀಯ. ಉಪಾಧ್ಯಕ್ಷ!

ಇನ್ನು ಪೂರೆವ್. ಅವನ ಅಜ್ಜ ನಮ್ಮ ಅಜ್ಜನ ಕುದುರೆ ಮೇಯಿಸುತ್ತಿದ್ದ. ನಮ್ಮ ಮನೆಗೆ ಸೇರಿದ ಆಳುಮನೆತನ, ಬೇರೆಯೇ ಎಲುಬು. ಆದ್ದರಿಂದ ಮಕ್ಕಳಿಗೆ ರಕ್ತಸಂಬಂಧದ ಅಡ್ಡಿ ಏನೇನೂ ಇಲ್ಲ, ಆ ಚಿಂತೆ ಬಿಡು. ಅವನು ವಸ್ತ್ರ ಮಡಿಸಿ ಹಿಂದಕ್ಕೆ ಕೊಟ್ಟಾಗ ಇದು ನನ್ನ ನಾಲಿಗೆಯ ತುದಿಯಲ್ಲಿತ್ತು. ಒಂದೇ ಮಾತು ಸಾಕಿತ್ತು. ಮಕ್ಕಳು, ಸೊಸೆಯರು, ನೆರೆಯವರು ಎಲ್ಲರ ಮುಂದೆ ಅವನು ನೆಲಕ್ಕೆ ಬೀಳುತ್ತಿದ್ದ. ಹೇಳಲಿಲ್ಲ. ಜನರ ನಡುವೆ ಒಬ್ಬ ಮನುಷ್ಯನನ್ನು ಇಲ್ಲವಾಗಿಸುವುದು ಹೇಗಿರುತ್ತದೆಂದು ನನಗೆ ಗೊತ್ತು. ಒಮ್ಮೆ ಮಾಡಿದ್ದೇ ಸಾಕು.

ಅವನು ಅಳಿಸಿಕೊಳ್ಳುವುದಿಲ್ಲ. ಯಾರಾದರೂ ಅಳಿಸಿಕೊಳ್ಳಲೇಬೇಕು. ಇದರ ಜೊತೆ ಹೇಳಿಕೆ ಇಟ್ಟಿದ್ದೇನೆ: "ವಂಶದ ಹಿರಿಯಳಾದ ನಾನು, ನಮ್ಮ ಕುಲ ತೆಮೇಚಿನ್ ಎಂದು ದೃಢಪಡಿಸುತ್ತೇನೆ." ಸಹಿ ಇದೆ. ಅಂದು ಭಯದಿಂದ ಹೇಳಿದ್ದನ್ನು ಇಂದು ಇದೆರ್‌ಗಾಗಿ ಬರೆದುಕೊಟ್ಟಿದ್ದೇನೆ. ಕೊಂಡುಹೋಗಿ ಕೊಡು. ಬಿಳಿ ತಿಂಗಳಿಗೆ ಒಂಬತ್ತು ದಿನ ಇದೆ. ನಾನು ಬದುಕಿರುವವರೆಗೆ ಯಾರಿಗೂ ಇದನ್ನು ಹೇಳಬೇಡ, ಇದೆರ್‌ಗೂ ಹೇಳಬೇಡ.

ನಮ್ಜಿಲ್ಮಾ


ಉಲಾನ್‌ಬಾತರ್
ಫೆಬ್ರವರಿ 17, 2004

ಅಕ್ಕ,

ಕೊಟ್ಟೆ. ಕೌಂಟರಿನವನು ಎರಡು ಸಲ ಓದಿದ. "ಅಜ್ಜಾ, ಇದಕ್ಕೆ ಹತ್ತೋಕೆ ಸಾವಿರ ಜನ ಬಂದ್ರು. ಇಳಿಯೋಕೆ ಬಂದೋರು ನೀವೊಬ್ರೇ" ಎಂದ. ಹೊಸ ಚೀಟಿಯನ್ನು ಲಾರಿಯವನ ಕೈಯಲ್ಲಿ ಕಳಿಸಿದ್ದೇನೆ.

ಸಂಘಕ್ಕೂ ಹೋಗಿ ಹೇಳಿದೆ. ಅಧ್ಯಕ್ಷರು ಕಾರ್ಡುಗಳನ್ನು ವಾಪಸು ಕೇಳಿದರು, ಕೊಟ್ಟೆ. ಭಾನುವಾರದ ಪಾಠ ಮುಂದುವರಿಸಬಹುದೇ ಎಂದು ಕೇಳಿದೆ. ನೋಡೋಣ ಎಂದರು.

ಅರವತ್ತೆರಡು ವರ್ಷ ನನ್ನ ಮುಂದೆ ಅದನ್ನು ಹೇಗೆ ಹೊತ್ತುಕೊಂಡಿದ್ದೆ? ದೊಡ್ಡಪ್ಪನ ಹೆಸರು ಏನು?

ಸೆರೇತರ್


ಶಾರ್‌ಗೋಲ್
ಮಾರ್ಚ್ 21, 2004

ತಮ್ಮ ಸೆರೇತರ್,

ಈರುಳ್ಳಿಗಳು ಹೇಗಿವೆ? ನಮ್ಮ ಕುರಿಗಳು ಮರಿ ಹಾಕುತ್ತಿವೆ, ಅದಕ್ಕೇ ಪತ್ರ ತಡವಾಯಿತು.

ಅವನ ಹೆಸರು ತೊಗ್ತೋಖ್. ಹಿರಿಯರ ಹೆಸರು ಹೇಳಬಾರದು, ಆದರೆ ನೀನು ತಿಳಿದಿರಬೇಕು. ಕೆಂಪು ಕುದುರೆ ಇತ್ತು. ಹಾಡು ಬರುತ್ತಿರಲಿಲ್ಲ, ಆದರೂ ಹಾಡುತ್ತಿದ್ದ. ನನ್ನನ್ನು ಮೊದಲು ಕುದುರೆ ಹತ್ತಿಸಿದವನು ಅವನು.

ಮದುವೆ ಆಯಿತು. ನಿನಗೆ ಜ್ವರ ಬರಬೇಕಾದದ್ದು ಇದೇ ವಾರವೇ? ಹಾಸಿಗೆ ಬಿಟ್ಟು ಏಳಬೇಡವೆಂದು ನಾನೇ ಹೇಳಿ ಕಳಿಸಿದೆ, ನಿಜ. ಆದರೂ ನನಗೆ ಸಿಟ್ಟಿದೆ.

ಹೊಸ ಚೀಟಿ ತೋರಿಸಿದ ದಿನ ಪೂರೆವ್ ವಸ್ತ್ರವನ್ನು ಎರಡೂ ಕೈಯಲ್ಲಿ ತೆಗೆದುಕೊಂಡ. ಮದುವೆಯ ದಿನ ಬಟ್ಟಲು ಎತ್ತಿ ದೊಡ್ಡ ಗಂಟಲಲ್ಲಿ ಸಾರಿದ: "ಒಂಟೆ ಕಾಯೋರಾದ್ರೇನು, ಒಳ್ಳೇ ಜನ! ನಾವು ಬೋರ್ಜಿಗಿನ್ನರು ಮೇಲು ಕೀಳು ನೋಡೋರಲ್ಲ!" ಎಲ್ಲರೂ ಹೋ ಎಂದರು. ನನ್ನ ಬಾಯಲ್ಲಿ ಮಾಂಸದ ಕಡುಬಿತ್ತು. ನುಂಗಿದೆ. ಇದೆರ್‌ನ ಮುಖ ನೋಡಿದೆ, ಅದಕ್ಕೇ ನುಂಗಲು ಆಯಿತು.

ಆಮೇಲೆ ಪೂರೆವ್ ನನ್ನನ್ನು ಕುದುರೆ ಕಟ್ಟುವ ಕಡೆಗೆ ಕರೆದ. ಗಾಳಿ ಬೀಸುತ್ತಿತ್ತು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತ.

"ಅಕ್ಕಾ, ನೀವು ಯಾರು ಅಂತ ನಂಗೊತ್ತು. ನಮ್ಮಜ್ಜಿ ಹೇಳಿದ್ಲು, ಯಾರ ಕುದುರೆ ಮೇಯಿಸ್ತಿದ್ವಿ ಅಂತ."

ನನಗೆ ಬಂದ ಕೋಪಕ್ಕೆ ಗಾಳಿಯೇ ನಿಂತಿತು ಎನಿಸಿತು. "ಗೊತ್ತಿದ್ದೂ ನನ್ನಿಂದ ಅಳಿಸ್ದೆಯಲ್ಲಾ, ಮುದಿ ನರಿ!"

"ಅವತ್ತು ನನ್ನ ಮಕ್ಕಳ ಮುಂದೆ ಸಿಕ್ಹಾಕ್ಕೊಂಡೆ. ಬೋರ್ಜಿಗಿನ್ ಅಂತ ಡಂಗುರ ಹೊಡೆದಾಗಿತ್ತು, ಬೋರ್ಜಿಗಿನ್ನರ ಥರ ನಡ್ಕೋಬೇಕಾಯ್ತು. ನೀವು ಬಾಯ್ಬಿಡ್ತೀರಾ ಅಂತ ಕೂತಿದ್ದೆ. ನೀವು ಬಿಡ್ಲಿಲ್ಲ." ಟೋಪಿಯ ಧೂಳು ಕೊಡವಿದ. "ನಾನು ಆ ಹೆಸರು ಕಳಚಿದ್ರೆ ಒಳಗೆ ಏನೂ ಇಲ್ಲಕ್ಕಾ. ನೀವು ಕಳಚಿದ್ರೂ ನೀವೇ."

"ನಿಂಗೆ ಏನೂ ಇಲ್ಲ ಅಂತ ಯಾರು ಹೇಳಿದ್ರು? ಇಡೀ ಖೆಂತೀಲಿ ನಿಮ್ಮಜ್ಜನಂಗೆ ಕುದುರೆ ಪಳಗಿಸೋನು ಇನ್ನೊಬ್ಬ ಇರ್ಲಿಲ್ಲ. ಹೋಗಿ ಅದನ್ನ ಬರೆಸು."

ಅವನು ಮೂಗು ಒರೆಸಿಕೊಂಡ. ಆಮೇಲೆ ಒಳಗೆ ಬಂದು ನನ್ನನ್ನು ತನ್ನ ಜಾಗದಲ್ಲಿ, ಉತ್ತರದ ಗೋಡೆಯ ಕೆಳಗೆ ಕೂರಿಸಿ, ಮೊದಲ ಬಟ್ಟಲು ನನಗೆ ಕೊಟ್ಟ. ಅವನ ಮಕ್ಕಳು ಮುಖ ಮುಖ ನೋಡಿಕೊಂಡರು.

ಆದರೆ ನರಿ ನರಿಯೇ. ಹೊರಡುವಾಗ ಎಲ್ಲರ ಮುಂದೆ ಕೂಗಿ ಹೇಳಿದ: "ಒಂಟೆ ಕಾಯೋ ಮನೆಗೆ ಹುಡುಗೀನ ಬರಿಗೈಲಿ ಕಳ್ಸೋಕಾಗುತ್ತಾ?" ಎರಡು ಹೆಣ್ಣೊಂಟೆ ಉಡುಗೊರೆ ಕೊಟ್ಟ. ಅವನ ಕಣ್ಣಲ್ಲಿ ನಗು ಇತ್ತು. ಬೇಡ ಎನ್ನುವಂತಿರಲಿಲ್ಲ. ಒಂಟೆ ಕಾಯುವವಳು ಒಂಟೆ ಬೇಡ ಎನ್ನುತ್ತಾಳೆಯೇ?

ಈಗ ಎರಡೂ ನಮ್ಮ ಅಂಗಳದಲ್ಲಿವೆ. ಕುದುರೆಗಳು ಹುಚ್ಚಾಗಿವೆ. ಒಂದು ನನ್ನ ರೇಷ್ಮೆ ನಿಲುವಂಗಿಯ ಮೇಲೆ ಉಗುಳಿತು. ಇನ್ನೊಂದು ರಾತ್ರಿಯೆಲ್ಲ ಗೋಳಾಡುತ್ತದೆ. ಇದೆರ್ ಹೊಟ್ಟೆ ಹಿಡಿದುಕೊಂಡು ನಗುತ್ತಾನೆ, ಉಯಾಂಗಾ ನಗಬಾರದೆಂದು ಪ್ರಯತ್ನಪಟ್ಟು ಕೊನೆಗೆ ನಗುತ್ತಾಳೆ. ಹಾಲು ಕರೆಯುವುದು ಹೇಗೆಂದು ಈ ವಯಸ್ಸಿನಲ್ಲಿ ಸೊಸೆಯಿಂದ ಕಲಿಯುತ್ತಿದ್ದೇನೆ. ಯಾರಾದರೂ ಬಂದು ನೀವು ಯಾರು ಎಂದು ಕೇಳಿದರೆ ಇನ್ನು ಸುಳ್ಳು ಹೇಳಬೇಕಾಗಿಲ್ಲ.

ಏಪ್ರಿಲ್‌ನಲ್ಲಿ ಉಣ್ಣೆ ತೆಗೆಯಬೇಕಂತೆ. ಮೊದಲು ಅದನ್ನು ಕೆಳಗೆ ಕೆಡವಬೇಕು, ಒಬ್ಬರು ಕಾಲು ಹಿಡಿಯಬೇಕು. ಜ್ವರ ಬಿಟ್ಟ ಕೂಡಲೇ ಬಸ್ಸು ಹತ್ತು. ಅರ್ಧ ಜಗತ್ತು ಗೆದ್ದವನ ವಂಶದವನು ನೀನು, ಕಾಲು ನೀನೇ ಹಿಡಿ.

ಅಕ್ಕ ನಮ್ಜಿಲ್ಮಾ